ತಂತಿ ಮೇಲೆ ಉಪ್ಪುಕಂಡ

ಇವತ್ತು ಬಟ್ಟೆ ತೆಗೆಯೋಕೆ ಅಂತ ಟೆರೇಸ್‌ಗೆ ಹೋದರೆ, ಪಕ್ಕದ ಮನೆ ತಂತಿ ಮೇಲೆ ಉಪ್ಪುಕಂಡ ಒಣಗ್ತಾ ಇತ್ತು.

ಉಪ್ಪು ಹಚ್ಚಿದ ಮಾಂಸದ, ಬೆರಳು ದಪ್ಪದ ಉದ್ದುದ್ದ ಪಟ್ಟಿಗಳು. ಅರಿಶಿನ, ಖಾರದಪುಡಿ ಹತ್ತಿ ಕೆಂಪಗಿದ್ದವು. ಅಂಚು ಆಗಲೇ ಕಪ್ಪಾಗಿ ಮುರುಟಿತ್ತು, ನಡುವೆ ಮಾತ್ರ ಇನ್ನೂ ಹಸಿ ಹೊಳಪು. ಪಕ್ಕದಲ್ಲಿ ಅಜ್ಜಿ, ಕೈಯಲ್ಲಿ ಕೋಲು.

"ಏನಜ್ಜಿ, ಕಾವಲಾ?"

"ಕಾಗೆ ಬಿಡು, ಓಡಿಸಬೋದು. ಈ ಬೆಕ್ಕಿನ ಕಾಟ ಕಣವ್ವ!"

ಕೊಬ್ಬು ಒಂಚೂರೂ ಉಳಿಸಬಾರದಂತೆ. ಸರಿಯೇ. ಉಪ್ಪು ಮಾಂಸದ ನೀರು ಎಳೆಯುತ್ತೆ, ಮಿಕ್ಕಿದ್ದನ್ನ ಬಿಸಿಲು ನೋಡಿಕೊಳ್ಳುತ್ತೆ. ನೀರಿಲ್ಲದ ಕಡೆ ಕೊಳೆಸೋ ಬ್ಯಾಕ್ಟೀರಿಯಾ ಬೆಳೆಯಲ್ಲ. ಕೊಬ್ಬು ಹಾಗಲ್ಲ, ಇಟ್ಟಷ್ಟೂ ಕಮಟು ಹಿಡಿಯುತ್ತೆ.

ಕೊಡಗಿನ ಮಳೆಗಾಲದಲ್ಲಿ ಬಿಸಿಲು ನಂಬಿಕೊಂಡರೆ ಆಯ್ತು ಕಥೆ! ಅಲ್ಲಿ ಹಂದಿಮಾಂಸವನ್ನ ಒಲೆ ಮೇಲೆ ನೇತುಹಾಕಿ ಹೊಗೆಯಲ್ಲೇ ಒಣಗಿಸುತ್ತಿದ್ದರು. ಹೇಗೂ ದಿನಾ ಅಡುಗೆಗೆ ಹಚ್ಚೋ ಬೆಂಕಿ, ಬೇರೆ ಖರ್ಚಿಲ್ಲ.

ಆಗೇನೋ ಸರಿ, ಹಬ್ಬಕ್ಕೆ ಕುರಿ ಕಡಿದರೆ ಒಂದೇ ದಿನಕ್ಕೆ ತಿಂದು ಮುಗಿಸೋಕಾಗುತ್ತಾ? ಈಗ ಅಜ್ಜಿ ಮನೇಲೂ ಫ್ರಿಜ್ ಇದೆ. ಆದರೂ ಮಾಡ್ತಾರೆ, ಬರೀ ರುಚಿಗೆ. ಫ್ರೀಜರ್ ಮಾಂಸವನ್ನ ಇದ್ದ ಹಾಗೇ ಇಡುತ್ತೆ, ಅಷ್ಟೇ. ಉಪ್ಪು, ಬಿಸಿಲು ಸೇರಿದರೆ ಅದು ಬೇರೆಯೇ ಪದಾರ್ಥ. ಕೆಂಡದಲ್ಲಿ ಸುಟ್ಟು, ಕಲ್ಲಲ್ಲಿ ಜಜ್ಜಿ, ಬಿಸಿ ಮುದ್ದೆ ಜೊತೆ ತಿಂದವರಿಗೆ ನಾನೇನು ಹೇಳೋದು ಬಿಡಿ.

ಅವರೆಕಾಳು ಹಾಕಿ ಸಾರು ಮಾಡೋರು ಯಾರಾದ್ರೂ ಇದ್ದೀರಾ ಇಲ್ಲಿ? ಕಂಡ ಎಷ್ಟು ಹೊತ್ತು ನೆನೆಸ್ತೀರಿ, ಸ್ವಲ್ಪ ಹೇಳಿ.