ಹಾರುತ್ತಾನೆಂದು ಕಟ್ಟುವುದು, ಕಟ್ಟಿದ್ದಕ್ಕೆ ಹಾರುವುದು

2025 ಆಗಸ್ಟ್ 3, ಭಾನುವಾರ
ನೀರ್ಚಾಲು, ಕಾಸರಗೋಡು ಜಿಲ್ಲೆ, ಕೇರಳ

ಬೆಳಿಗ್ಗೆ ಮಳೆ ಬಿಟ್ಟದ್ದೇ ತಡ, ಅಪ್ಪ ಮದ್ದು ಬಿಡುವವರಿಗೆ ಫೋನ್ ಮಾಡಿದರು. ಅಡಿಕೆಗೆ ಎರಡನೇ ಸಲದ ಬೋರ್ಡೋ, ಅಂದರೆ ಮೈಲುತುತ್ತು-ಸುಣ್ಣದ ಮದ್ದು, ಬಾಕಿ ಇತ್ತು. ಕೊಳೆರೋಗ ಕಾಯುವುದಿಲ್ಲವಲ್ಲ. ಫೋನ್ ಇಟ್ಟವರೇ "ಬೊಳ್ಳುವನ್ನು ಕಟ್ಟು" ಅಂದರು. ಬೊಳ್ಳು ನಮ್ಮ ನಾಯಿ. ಮೈಲುತುತ್ತು, ಸುಣ್ಣದ ಮಾತೆಲ್ಲ ಆಮೇಲೆ ಬಂತು.

ಇವತ್ತು ನಾನು ಮರುಮಾತಾಡದೆ ಕಟ್ಟಿದೆ. ಈಗ ಮರ ಹತ್ತುವವರು ಸಿಗುವುದೇ ಕಷ್ಟ, ಫೈಬರ್ ದೋಟಿ ಹಿಡಿದು ಕೆಳಗಿನಿಂದಲೇ ಮದ್ದು ಬಿಡುತ್ತಾರೆ. ಅಷ್ಟುದ್ದದ ದೋಟಿ ಎತ್ತಿಕೊಂಡು ಗೊನೆ ನೋಡುತ್ತಿರುವವರ ಬೆನ್ನಿಗೆ ನಾಯಿ ಹಾರಿದರೆ ಏನಾಗಬಹುದು? ಅದೂ ಅಲ್ಲದೆ 200 ಲೀಟರಿನ ಡ್ರಮ್ಮಿಗೆ 2 ಕಿಲೋ ಮೈಲುತುತ್ತು, 2 ಕಿಲೋ ಸುಣ್ಣ ಬಿದ್ದಿರುತ್ತದೆ. ನಾಯಿ ನೆಕ್ಕುವ ವಸ್ತುವಲ್ಲ ಅದು.

ಆದರೆ ದಿನಾ ಕಟ್ಟುವುದರ ಬಗ್ಗೆ ನನ್ನ ತಕರಾರು ಇದ್ದೇ ಇದೆ. ನಮ್ಮ ಕಡೆ ಹೆಚ್ಚಿನ ಮನೆಗಳಲ್ಲಿ ನಾಯಿಗೆ ಹಗಲು ದನದ ಹಟ್ಟಿಯ ಬದಿಯಲ್ಲಿ ಸಂಕೋಲೆ, ರಾತ್ರಿ ಹಂದಿ ಓಡಿಸಲು ಬಿಡುಗಡೆ. ಯಾಕೆ ಕಟ್ಟುತ್ತೀರಿ ಅಂತ ಕೇಳಿದರೆ, ಬಂದವರ ಮೈಮೇಲೆ ಹಾರುತ್ತದೆ ಅನ್ನುತ್ತಾರೆ. ನಾನು ನೋಡಿದ ಹಾಗೆ ಕಟ್ಟಿದ್ದಕ್ಕೇ ಅವು ಜಾಸ್ತಿ ಹಾರುವುದು. ಬೆಳಗಿನಿಂದ ಸಂಜೆವರೆಗೆ ದೂರದಲ್ಲಿ ಜನ ಓಡಾಡುತ್ತಾರೆ, ಒಬ್ಬರೂ ಹತ್ತಿರ ಬರುವುದಿಲ್ಲ. ಹತ್ತಿರ ಬಂದು ಮೂಸಿ ನೋಡಿ ಸುಮ್ಮನಾಗಲು ಸಂಕೋಲೆ ಬಿಡುವುದಿಲ್ಲ. ಎಳೆದು ಎಳೆದು ಮುಂಗಾಲು ಎತ್ತಿ ನಿಲ್ಲುವುದೇ ಅಭ್ಯಾಸವಾಗುತ್ತದೆ. ಕೊನೆಗೆ ಯಾರಾದರೂ ಕೈಗೆ ಸಿಕ್ಕಿದರೆ ದಿನವಿಡೀ ತಡೆದಿಟ್ಟ ಪ್ರೀತಿಯೆಲ್ಲ ಒಟ್ಟಿಗೆ ಅವರ ಎದೆಯ ಮೇಲೆ.

ಹಾರುವುದು ಪೋಕರಿತನ ಅಲ್ಲ. ನಾಯಿಮರಿಗಳು ತಾಯಿಯ ಬಾಯಿ ನೆಕ್ಕಿಯೇ ಮಾತಾಡಿಸುವುದು. ನಮ್ಮ ಬಾಯಿ ಮೇಲೆ ಇದೆ, ಹಾಗಾಗಿ ಮೇಲಕ್ಕೆ ಹಾರುತ್ತವೆ, ಅಷ್ಟೆ. ಮರಿಯಾಗಿದ್ದಾಗ ಕಾಲು ಹತ್ತಿ ಬಂದರೆ ಮನೆಯವರೆಲ್ಲ ಎತ್ತಿ ಮುದ್ದಾಡುತ್ತಾರೆ. ದೊಡ್ಡವನಾದ ಮೇಲೆ ಅದಕ್ಕೇ ಬೈಗುಳ. ಪಾಪ, ಅವನಿಗೇನು ಗೊತ್ತಾಗಬೇಕು?

ಬೈಗುಳದಿಂದ ಪ್ರಯೋಜನವೂ ಇಲ್ಲ. "ಹಚಾ" ಅಂತ ಕೂಗುತ್ತೇವೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತೇವೆ, ಎರಡೂ ಕೈಯಲ್ಲಿ ದೂಡುತ್ತೇವೆ. ಅವನಿಗೆ ಬೇಕಾದದ್ದು ಅದೇ. ನೋಡಿದರು, ಮಾತಾಡಿದರು, ಮುಟ್ಟಿದರು! ಮೊಣಕಾಲಿನಿಂದ ಎದೆಗೆ ಗುದ್ದು ಅಂತ ಹೇಳುವವರೂ ಇದ್ದಾರೆ. ಅದರಿಂದ ನೋವಾಗುತ್ತದೆ, ಬಂದವರನ್ನು ಕಂಡರೆ ಹೆದರಿಕೆ ಶುರುವಾಗುತ್ತದೆ. ಹೆದರಿದ ನಾಯಿ ಕಚ್ಚಲೂಬಹುದು. ಹಾರುವ ನಾಯಿಯೇ ವಾಸಿ.

ನಾವು ಮಾಡುತ್ತಿರುವುದು ಇಷ್ಟು. ಸಂಜೆ ಜಗಲಿಯಲ್ಲಿ ಬೊಳ್ಳುವಿನ ಹಗ್ಗ ನನ್ನ ಕೈಯಲ್ಲಿ. ಅಮ್ಮ ಅಥವಾ ತಮ್ಮ ಅಂಗಳದಿಂದ ಬರಬೇಕು. ಅವನು ಹಾರಿದರೆ ಕೈಕಟ್ಟಿ ಬೆನ್ನು ತಿರುಗಿಸಿ ನಿಲ್ಲಬೇಕು. ಮಾತಿಲ್ಲ, ನೋಟವಿಲ್ಲ. ನಾಲ್ಕೂ ಕಾಲು ನೆಲಕ್ಕೆ ಬಂದ ಕೂಡಲೇ ಒಂದು ಚೂರು ದೋಸೆ. ಕೂಡಲೇ ಅಂದರೆ ಆ ಕ್ಷಣವೇ. ತಮ್ಮ ಜೇಬಿಗೆ ಕೈಹಾಕಿ ಹುಡುಕುವಷ್ಟರಲ್ಲಿ ಬೊಳ್ಳು ಮತ್ತೆ ಎದ್ದು ನಿಂತಿರುತ್ತಾನೆ, ಆಗ ಕೊಟ್ಟರೆ ಎದ್ದದ್ದಕ್ಕೇ ಬಹುಮಾನ. ಚೂರನ್ನು ಕೈಯಲ್ಲಿ ಎತ್ತಿ ಹಿಡಿಯದೆ ನೆಲಕ್ಕೆ ಹಾಕುವುದು ಒಳ್ಳೆಯದು, ತಲೆ ತಾನಾಗಿ ಕೆಳಗೆ ಹೋಗುತ್ತದೆ. ಆಮೇಲೆ ಕೂರಲು ಕಲಿಸುವುದು. ಕೂತವನಿಗೆ ಹಾರಲು ಆಗುವುದಿಲ್ಲವಲ್ಲ. ಮನೆಯಲ್ಲಿ ಕನ್ನಡ, ತುಳು, ಮಲಯಾಳ ಮೂರೂ ಓಡುವುದರಿಂದ ಬರೀ ಕೈಸನ್ನೆ ಇಟ್ಟುಕೊಂಡಿದ್ದೇವೆ.

ಶುರುವಿನಲ್ಲಿ ಹಾರುವುದು ಕಡಿಮೆಯಾಗುವ ಬದಲು ಜೋರಾಯಿತು. ಬೆನ್ನಿಗೆ ಹಾರಿದ, ಅಮ್ಮನ ಸೀರೆ ಎಳೆದ, ಬೊಗಳಿದ. "ನಿನ್ನ ಪಾಠ ಸಾಕು" ಅಂದರು ಅಮ್ಮ. ಇದು ಅನೇಕ ನಾಯಿಗಳಲ್ಲಿ ಆಗುವಂಥದ್ದೇ. ಇಷ್ಟು ದಿನ ಕೆಲಸ ಮಾಡಿದ ಉಪಾಯ ಇದ್ದಕ್ಕಿದ್ದಂತೆ ಮಾಡದಿದ್ದರೆ ಮೊದಲು ಅದನ್ನೇ ಇನ್ನೂ ಜೋರಾಗಿ ಮಾಡಿ ನೋಡುತ್ತವೆ. ಅಲ್ಲಿ ನಾವು ಸೋತರೆ ಕಷ್ಟ. ಅಮೆರಿಕದ ಮನಶ್ಶಾಸ್ತ್ರಜ್ಞ ಬಿ.ಎಫ್. ಸ್ಕಿನ್ನರ್ ಇಲಿ, ಪಾರಿವಾಳಗಳಲ್ಲಿ ತೋರಿಸಿದ್ದೂ ಇದನ್ನೇ. ಯಾವಾಗಲೋ ಒಮ್ಮೊಮ್ಮೆ ಮಾತ್ರ ಫಲ ಸಿಗುವ ಅಭ್ಯಾಸ ಬೇಗ ಬಿಡುವುದಿಲ್ಲ. ಮಂಗಳೂರಿನಿಂದ ಬರುವ ಮಾವನಿಗೆ ಇದನ್ನು ಹೇಳಿದರೆ "ಇರಲಿ ಬಿಡು ಮಾರಾಯ್ತಿ, ನಂಗೆ ನಾಯಿ ಅಂದ್ರೆ ಇಷ್ಟ" ಅಂತ ಎರಡೂ ಮುಂಗಾಲು ಹಿಡಿದು ಕುಣಿಸುತ್ತಾರೆ. ಅವರಿಗೇನು, ಮರುದಿನ ಬಸ್ಸು ಹತ್ತಿ ಹೋಗುತ್ತಾರೆ.

ಬರೀ ಪಂಚೆಗೆ ಕೆಂಪು ಮಣ್ಣು ಮೆತ್ತುವ ಪ್ರಶ್ನೆ ಆಗಿದ್ದರೆ ನಾನೂ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಹಾರಿದಾಗ ಉಗುರು ಗೀರುತ್ತದೆ. 2022ರಲ್ಲಿ ಕೇರಳದಲ್ಲಿ ರೇಬಿಸ್ ಸಾವುಗಳ ಸುದ್ದಿ ಮೇಲಿಂದ ಮೇಲೆ ಬಂದ ನಂತರ ಜನ ಸಣ್ಣ ಗೀರಿಗೂ ಹೆದರುತ್ತಾರೆ. ಹೆದರುವುದೇ ಸರಿ. ಗೀರಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಆಸ್ಪತ್ರೆಗೆ ತೋರಿಸಬೇಕು. ಬೊಳ್ಳುವಿಗೆ ವರ್ಷ ವರ್ಷ ಚುಚ್ಚುಮದ್ದು ಆಗಿದೆ, ಪಂಚಾಯತಿನ ಲೈಸೆನ್ಸೂ ಇದೆ. ಆದರೆ ಅದು ಅವನ ಹಣೆಯಲ್ಲಿ ಬರೆದಿಲ್ಲವಲ್ಲ. ಆರೋಗ್ಯ ವಿಚಾರಿಸಲು ಮನೆಗೆ ಬರುವ ಆಶಾ ಅಕ್ಕ ಗೇಟಿನ ಹೊರಗೇ ನಿಂತು "ನಾಯಿ ಕಟ್ಟಿದ್ದೀರಾ?" ಅಂತ ಕೂಗುವುದರಲ್ಲಿ ತಪ್ಪಿಲ್ಲ.

ಅಪ್ಪನ ಚಿಂತೆ ಬೇರೆ. ಹೀಗೆ ಕೂರಿಸಿ ಕೂರಿಸಿ ಕೊನೆಗೆ ಹಂದಿ ಬಂದಾಗಲೂ ಕೂತೇ ಇದ್ದರೆ? ನಿನ್ನೆ ರಾತ್ರಿ ತೋಟದ ಕೆಳಗಿನ ತಟ್ಟಿನಲ್ಲಿ ಬೊಳ್ಳು ಹಾಕಿದ ಗಲಾಟೆಗೆ ಅವರೇ ಟಾರ್ಚ್ ಹಿಡಿದು ಎದ್ದರು. ಬೆಳಿಗ್ಗೆ ಆ ಮಾತು ಎತ್ತಲಿಲ್ಲ.

ಮಧ್ಯಾಹ್ನ ಮದ್ದಿನವರು ಕೈಕಾಲು ತೊಳೆದು ಊಟಕ್ಕೆ ಬಂದಾಗ ಬೊಳ್ಳುವನ್ನು ಹಗ್ಗದಲ್ಲಿ ಜಗಲಿಗೆ ಕರೆತಂದೆ. ಮೊದಲನೆಯವರಿಗೆ ಹಾರಿದ. ಎರಡನೆಯವರಿಗೆ ಮುಂಗಾಲು ಎತ್ತಿ ಇಳಿಸಿದ. ಮೂರನೆಯವರು ವಯಸ್ಸಾದವರು, ನಾಯಿ ಇದ್ದದ್ದನ್ನೇ ಗಮನಿಸದೆ ಸೀದಾ ಒಳಗೆ ಹೋದರು. ಅವರಿಗೆ ಹಾರಲೇ ಇಲ್ಲ.

ಅಪ್ಪ ಇನ್ನು ಬದಿಯಡ್ಕಕ್ಕೆ ಹೋದಾಗ ದಪ್ಪ ತಂತಿ ತರುತ್ತೇನೆ ಅಂದಿದ್ದಾರೆ. ಹಟ್ಟಿಯಿಂದ ಜಗಲಿಯವರೆಗೆ ಎಳೆದು ಸಂಕೋಲೆಗೆ ಬಳೆ ಹಾಕಿದರೆ ಅಷ್ಟುದ್ದ ಓಡಾಡಬಹುದು. ಬಂದವರನ್ನು ಮೂಸಿಯೂ ನೋಡಬಹುದು. ಮುಂದಿನ ವಾರ ಚಿಕ್ಕಮ್ಮನ ಮಕ್ಕಳು ಬರುತ್ತಾರೆ. ಮಕ್ಕಳು ಓಡುತ್ತಾರೆ, ಕಿರುಚುತ್ತಾರೆ, ಬೆನ್ನು ತಿರುಗಿಸಿ ನಿಲ್ಲಿ ಅಂದರೆ ನಗುತ್ತಾರೆ. ಅವತ್ತು ಮಾತ್ರ ಹಗ್ಗವನ್ನು ನಾನು ಯಾರ ಕೈಗೂ ಕೊಡುವುದಿಲ್ಲ.