ಕಾರ್ಡಿನಲ್ಲಿ ಹೆಸರಿಲ್ಲ

ಹೊಸಪೇಟೆ, 14 ಅಕ್ಟೋಬರ್ 2025, ಮಂಗಳವಾರ

ಮಂಗಳವಾರ ಹುಲಿಗಿಯ ಹುಲಿಗೆಮ್ಮನ ಗುಡಿಗೆ ಹೋದರೆ ನಮ್ಮವರು, ಅಂದರೆ ಮಂಗಳಮುಖಿಯರು, ಬಹಳ ಮಂದಿ ಸಿಗುತ್ತಾರೆ. ಕಾಂಡೋಮ್ ಕೊಟ್ಟೆ, ಆರು ತಿಂಗಳಿಗೊಮ್ಮೆ ಮಾಡಿಸುವ ಎಚ್‌ಐವಿ ಟೆಸ್ಟ್ ಬಾಕಿ ಇದ್ದವರಿಗೆ ನೆನಪು ಮಾಡಿದೆ. ಅದೆಲ್ಲ ರಿಜಿಸ್ಟರಿನಲ್ಲಿದೆ. ಅಲ್ಲಿ ಸಿಕ್ಕ ನಮ್ಮ ಒಬ್ಬ ಹುಡುಗಿ ಹೇಳಿದ್ದು ಮಾತ್ರ ತಲೆಯಿಂದ ಹೋಗುತ್ತಿಲ್ಲ.

ಹೊಳೆ ಕಡೆಯ ಮೆಟ್ಟಿಲ ಮೇಲೆ ಒಬ್ಬಳೇ ಕೂತಿದ್ದಳು. ಊಟ ಮಾಡಿರಲಿಲ್ಲ. ಟೆಸ್ಟ್ ಮಾತೆತ್ತಿದ ಕೂಡಲೇ ಫೋನ್ ತೆಗೆದು ತಂಗಿಯ ಮದುವೆ ಕಾರ್ಡ್ ತೋರಿಸಿದಳು. 'ಸುಖಾಗಮನ ಬಯಸುವವರು' ಎಂಬಲ್ಲಿ ಎರಡು ಬೆರಳಿಟ್ಟು ದೊಡ್ಡದು ಮಾಡಿದಳು. ದೊಡ್ಡಪ್ಪನ ಮಕ್ಕಳು, ಸೋದರಮಾವಂದಿರು, ಪಕ್ಕದ ಮನೆಯವರು ಕೂಡ ಇದ್ದಾರೆ. ಇವಳ ಈಗಿನ ಹೆಸರಿರಲಿ, ಹೆತ್ತವರಿಟ್ಟ ಹೆಸರೂ ಇಲ್ಲ. ಮದುಮಗಳ ಕಿವಿಯೋಲೆಗೆ ದುಡ್ಡು ಕಳಿಸಿದವಳು ಇವಳು. ರೈಲಿನಲ್ಲಿ ಕೈಯೊಡ್ಡಿ ಕೂಡಿಸಿದ ದುಡ್ಡು.

"ಅವ್ವ ಫೋನ್ ಮಾಡಿದ್ಲು ಯಕ್ಕಾ. ರೊಕ್ಕ ಮುಟ್ಟೈತಿ, ನೀ ಮಾತ್ರ ಬರಬ್ಯಾಡ, ಬೀಗರು ಏನಂತಾರ ಅಂದ್ಲು."

ನಾನು ಏನೂ ಅನ್ನಲಿಲ್ಲ. ನನ್ನ ಅಣ್ಣನ ಮದುವೆಯ ಕಾರ್ಡ್ ನಾನೂ ನೋಡಿದ್ದೇನೆ.

"ಟೆಸ್ಟ್ ಮಾಡಿಸಿ ಏನ್ ಮಾಡ್ಲಿ? ಪಾಸಿಟಿವ್ ಬಂದ್ರೂ ಮನಿಗೆ ಕರಿಯಂಗಿಲ್ಲ, ನೆಗೆಟಿವ್ ಬಂದ್ರೂ ಕರಿಯಂಗಿಲ್ಲ."

ಹೋದ ವಾರ ಒಬ್ಬ ಗಿರಾಕಿ ಕಾಂಡೋಮ್ ಬೇಡ, ಹೆಚ್ಚಿಗೆ ಕೊಡ್ತೀನಿ ಅಂದನಂತೆ. "ಒಲ್ಲೆ ಅನ್ನಾಕ ಮನಸ್ಸ ಬರಲಿಲ್ಲ. ಆದದ್ದಾಗ್ಲಿ ಅನ್ನಿಸ್ತು."

72 ತಾಸಿನೊಳಗೆ ಬಂದಿದ್ದರೆ ವೈದ್ಯರು ಎಚ್‌ಐವಿ ತಗಲದಂತೆ ತಡೆಯುವ 28 ದಿನದ ಮಾತ್ರೆ ಶುರು ಮಾಡಬಹುದಿತ್ತು. ಅದು ಅವಳಿಗೆ ಗೊತ್ತಿಲ್ಲವೇ? ಗುಂಪು ಸಭೆಯಲ್ಲಿ ಹೊಸ ಹುಡುಗಿಯರಿಗೆ ಅದನ್ನು ಬಿಡಿಸಿ ಹೇಳುವವಳೇ ಅವಳು. 2021ರ ಸಮೀಕ್ಷೆಯಲ್ಲಿ ದೇಶದ ಹಿಜ್ರಾ, ಮಂಗಳಮುಖಿಯರಲ್ಲಿ ಎಚ್‌ಐವಿ ಪ್ರಮಾಣ ಶೇ. 3.78, ಎಲ್ಲ ವಯಸ್ಕರನ್ನು ಹಿಡಿದರೆ ಶೇ. 0.2ರ ಆಸುಪಾಸು. ಈ ಅಂಕಿ ಬಂದಾಗಲೆಲ್ಲ ಸಭೆಯಲ್ಲಿ ಜಾಗೃತಿ ಹೆಚ್ಚಬೇಕು ಎನ್ನುತ್ತಾರೆ. ಅರಿವು ಅವಳಿಗೆ ಬೇಕಾದಷ್ಟಿದೆ. ನಾಳೆ ಬದುಕಿರಬೇಕು ಅನ್ನಿಸಿದವರಿಗಲ್ಲವೇ ಕಾಂಡೋಮ್ ನೆನಪಾಗುವುದು? ನನ್ನ ರಿಜಿಸ್ಟರಿನಲ್ಲಿ ಕಾಂಡೋಮ್‌ಗೆ ಕಾಲಂ ಇದೆ, ಎಚ್‌ಐವಿಗೆ, ಸಿಫಿಲಿಸ್‌ಗೆ ಇದೆ. ರಾತ್ರಿ ನಿದ್ದೆ ಬಂತಾ, ಸಾಯಬೇಕು ಅನ್ನಿಸಿತಾ ಎಂದು ಬರೆಯಲು ಜಾಗವಿಲ್ಲ.

ಕೇಳಿಯೇಬಿಟ್ಟೆ. ಹೌದೆಂದು ತಲೆಯಾಡಿಸಿದಳು. ಅನ್ನಿಸಿದೆ.

ಹಿಂದೊಮ್ಮೆ ಮಾನಸಿಕ ವೈದ್ಯರ ಹತ್ತಿರ ಹೋದಾಗ ಚೀಟಿ ಬರೆಯುವವನು ಆಧಾರ್‌ನಲ್ಲಿದ್ದ ಗಂಡು ಹೆಸರನ್ನು ಎಲ್ಲರೆದುರು ಕೂಗಿದ್ದನಂತೆ. ಕೂತವರೆಲ್ಲ ತಿರುಗಿ ನೋಡಿದರು, ಇವಳು ಎದ್ದು ಬಂದಳು. ಅದಕ್ಕೇ 14416ಕ್ಕೆ ಫೋನ್ ಹಚ್ಚಿ ಕೊಟ್ಟೆ. ಅದು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಟೆಲಿ ಮನಸ್. ಅಲ್ಲಿ ಕನ್ನಡದಲ್ಲೇ ಮಾತಾಡಬಹುದು, ಆಧಾರ್ ತೋರಿಸುವ ಕೆಲಸವಿಲ್ಲ. ಮೊದಲು ಸುಮ್ಮನೆ ಹಿಡಿದುಕೊಂಡಿದ್ದಳು. ಆಮೇಲೆ ಎದ್ದು ದೂರ ಹೋದಳು, ಬಹಳ ಹೊತ್ತು ಮಾತಾಡಿದಳು. ವಾಪಸ್ ಬಂದು ಮಿರ್ಚಿ ತಿನ್ನೋಣ ಅಂದಳು! ನನಗಾದ ಖುಷಿ ಅಷ್ಟಿಷ್ಟಲ್ಲ.

ನಮ್ಮಲ್ಲಿ ಯಾರಾದರೂ ಕುಸಿದರೆ ನಮ್ಮವರೇ ಆದ ಜಾನಪದ ಕಲಾವಿದೆ ಮಂಜಮ್ಮ ಜೋಗತಿಯವರ ಕಥೆ ಹೇಳುತ್ತೇವೆ. ಸಾಯಲು ಹೊರಟಿದ್ದವರು ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಮಂಜಮ್ಮನ ಬಗ್ಗೆ ನನಗೆ ಎದೆತುಂಬ ಹೆಮ್ಮೆ. ಆದರೂ ಇವತ್ತು ಆ ಕಥೆ ಹೇಳಲು ಬಾಯಿ ಬರಲಿಲ್ಲ. ಪದ್ಮಶ್ರೀ ಬರದಿದ್ದರೂ ಈ ಹುಡುಗಿ ಬದುಕಬೇಕು.

ನಾಳೆ ಎಚ್‌ಐವಿ ಪರೀಕ್ಷೆ ಮಾಡುವ ಸರ್ಕಾರಿ ಕೇಂದ್ರ ಐಸಿಟಿಸಿಗೆ ನನ್ನ ಜೊತೆ ಬರುತ್ತೇನೆ ಅಂದಿದ್ದಾಳೆ. ಮೂರು ತಿಂಗಳು ಬಿಟ್ಟು ಇನ್ನೊಮ್ಮೆ ಟೆಸ್ಟ್ ಮಾಡಿಸಬೇಕು. ಮದುವೆ ಇರುವುದು ಮುಂದಿನ ತಿಂಗಳು. ಆ ದಿನ ಅವಳನ್ನು ಒಬ್ಬಳೇ ಬಿಡಬಾರದು, ರೈಲಿನ ಕಲೆಕ್ಷನ್‌ಗೂ ಕಳಿಸಬಾರದು ಎಂದು ಅವಳ ಗುರುವಿಗೆ, ಅವಳನ್ನು ನೋಡಿಕೊಳ್ಳುವ ಹಿರಿಯ ಮಂಗಳಮುಖಿಗೆ, ಹೇಳಬೇಕು. ಆಕೆ ಒಪ್ಪದಿದ್ದರೆ ನಮ್ಮ ಮನೆಗೇ ಕರೆಸಿಕೊಂಡು...