ಕಟ್ಟಿದ್ರು, ಬಿಚ್ಚಿದ್ರು

ಬುಧವಾರ ಅಮ್ಮನ ಹೊಲಿಗೆ ಬಿಚ್ಚಿಸಲು ಮಂಡ್ಯದಿಂದ ಮೈಸೂರಿಗೆ ಕರೆದುಕೊಂಡು ಹೋಗಿದ್ದೆ. ಬಚ್ಚಲಲ್ಲಿ ಜಾರಿದ್ದು, ಸೊಂಟದ ಮೂಳೆ ಮುರಿದದ್ದು, ಆಪರೇಷನ್ ಆದದ್ದು, ಅದೆಲ್ಲ ಎಷ್ಟೋ ಮನೆಗಳ ಕಥೆ, ಬಿಡಿ. ನನ್ನ ತಲೆಯಲ್ಲಿ ಕೂತಿರುವುದು ಅಲ್ಲಿ ನಡೆದ ನಾಲ್ಕು ಮಾತು.

"ಇದಕ್ಕೆ ಮುಂಚೆ ಎಲ್ಲಾದ್ರೂ ಮೂಳೆ ಮುರಿದಿತ್ತಾ ಅಮ್ಮಾ?"

"ಹೂಂ, ಎರಡು ವರ್ಷದ ಹಿಂದೆ. ಬಲಗೈ ಮಣಿಕಟ್ಟು."

"ಆಗ ಏನು ಮಾಡಿದ್ರು?"

"ಕಟ್ಟಿದ್ರು, ಬಿಚ್ಚಿದ್ರು."

ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿ ನನ್ನ ಕಡೆ ನೋಡಿದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು.

ಆವತ್ತು ಅಮ್ಮ ರಂಗೋಲಿ ಹಾಕಿ ಏಳುವಾಗ ಮುಗ್ಗರಿಸಿ ಕೈ ಊರಿದ್ದರು. ಅಷ್ಟೇ. ನಿಂತ ಎತ್ತರದಿಂದ ಬಿದ್ದದ್ದಕ್ಕೇ ಮೂಳೆ ಮುರಿದರೆ ಅದು ಬಿದ್ದ ಏಟಿನ ತಪ್ಪಲ್ಲ, ಮೂಳೆಯೇ ಟೊಳ್ಳಾಗಿರಬಹುದು ಅಂತ ಅನುಮಾನ ಪಡಬೇಕಂತೆ. ನಾವು ಪಡಲಿಲ್ಲ. "ವಯಸ್ಸಾಯ್ತಲ್ಲ" ಅಂದೆವು. ಕಟ್ಟು ಹಾಕಿದ ಡಾಕ್ಟರಿಗೆ ಒಳ್ಳೆಯ ಕೈಗುಣ, ಮೂಳೆ ಚೆನ್ನಾಗಿ ಕೂಡಿಕೊಂಡಿತು. ಆದರೆ ಯಾಕೆ ಮುರಿಯಿತು ಅಂತ ಅವರೂ ಕೇಳಲಿಲ್ಲ. ಅವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ಒಮ್ಮೆ ಹೀಗೆ ಮುರಿದವರಿಗೆ ಮತ್ತೆ ಮುರಿಯುವ ಅಪಾಯ ಹೆಚ್ಚುಕಡಿಮೆ ಎರಡರಷ್ಟು, ಅದರಲ್ಲೂ ಮೊದಲ ಎರಡು ವರ್ಷ ತುಂಬಾ ಜಾಸ್ತಿ. ಆ ಎರಡು ವರ್ಷವನ್ನೇ ನಾವು ಸುಮ್ನೆ ಕಳೆದುಬಿಟ್ಟೆವು.

ಬುಧವಾರವೇ ಮೂಳೆ ಎಷ್ಟು ಗಟ್ಟಿಯಿದೆ ಅಂತ ಅಳೆಯುವ ಡೆಕ್ಸಾ ಸ್ಕ್ಯಾನ್ ಆಯಿತು, ಬೆನ್ನಿಗೆ ಮತ್ತು ಮುರಿಯದ ಇನ್ನೊಂದು ಸೊಂಟಕ್ಕೆ. ಆರೋಗ್ಯವಾಗಿರುವ ಹರೆಯದವರ ಮೂಳೆಗೆ ಹೋಲಿಸಿ ಕೊಡುವ ಅಂಕ, ಟಿ-ಸ್ಕೋರ್, ಮೈನಸ್ 3.1. ಮೈನಸ್ 2.5 ಮುಟ್ಟಿದರೇ ಆಸ್ಟಿಯೊಪೊರೋಸಿಸ್, ಅಂದರೆ ಮೂಳೆ ಟೊಳ್ಳಾಗುವ ಕಾಯಿಲೆ, ಅನ್ನುತ್ತಾರೆ. ಅಮ್ಮನಿಗೆ ಅವಮಾನ ಆದ ಹಾಗಿತ್ತು. "ಹುಟ್ಟಿದಾಗಿನಿಂದ ರಾಗಿ ಮುದ್ದೆ ತಿಂದವಳು ನಾನು, ನನ್ನ ಮೂಳೆ ಹೇಗೆ ಸವೆಯುತ್ತೆ?" ಡಾಕ್ಟರಮ್ಮ ನಗಲಿಲ್ಲ, ಕುರ್ಚಿ ಹತ್ತಿರ ಎಳೆದುಕೊಂಡು ಹೇಳಿದರು. ರಾಗಿಯಲ್ಲಿ ಕ್ಯಾಲ್ಸಿಯಂ ಚೆನ್ನಾಗಿಯೇ ಇದೆ, 100 ಗ್ರಾಂನಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು. ಆದರೆ ಮುಟ್ಟು ನಿಂತ ಮೇಲೆ ಈಸ್ಟ್ರೋಜನ್ ಇಳಿಯುತ್ತದೆ, ಆಗ ಮೂಳೆ ಕಟ್ಟುವ ಕೆಲಸಕ್ಕಿಂತ ಕರಗಿಸುವ ಕೆಲಸ ಮುಂದೆ ಓಡುತ್ತದೆ, ಊಟ ಒಂದರಿಂದಲೇ ಅದು ನಿಲ್ಲುವುದಿಲ್ಲ ಅಂತ. ಅಷ್ಟು ಜನ ಹೊರಗೆ ಕಾಯುತ್ತಿರುವಾಗ ಹೀಗೆ ಕೂತು ಹೇಳುವವರು ಎಷ್ಟು ಜನ ಇದ್ದಾರೆ?

ಆಮೇಲೆ ಅವರು "ಎತ್ತರ ಕಮ್ಮಿ ಆಗಿದೆಯಾ?" ಅಂದಾಗ ನನಗೆ ನೆನಪಾಯಿತು. ಒಂದು ವರ್ಷದಿಂದ ಅಮ್ಮ ಲಂಗವನ್ನು ಸೊಂಟದ ಹತ್ತಿರ ಎರಡು ಮಡಿಕೆ ಮಡಚಿ ಲಾಡಿ ಕಟ್ಟುತ್ತಿದ್ದರು. ಸೀರೆ ನೆಲಕ್ಕೆ ತಾಗುತ್ತೆ, ಈಗಿನ ಸೀರೆಗಳೇ ಉದ್ದ ಅನ್ನುತ್ತಿದ್ದರು. ಸೀರೆ ಹಳೆಯದೇ. ಬೆನ್ನುಮೂಳೆ ನೋವೂ ಕೊಡದೆ ಒಳಗೇ ಕುಸಿದಿತ್ತು. ಆ ಮಡಿಕೆಯನ್ನು ನಾನು ದಿನಾ ನೋಡಿದ್ದೆ.

ರಾತ್ರಿ ನಿದ್ದೆ ಬರದೆ ಓದುತ್ತಾ ಕೂತೆ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ 1990ರ ದಶಕದ ಕೊನೆಯಲ್ಲೇ ಇದಕ್ಕೊಂದು ದಾರಿ ಮಾಡಿದ್ದಾರೆ. ಮೂಳೆ ಮುರಿದು ಬಂದ 50 ದಾಟಿದವರ ಹೆಸರನ್ನು ಒಬ್ಬ ನರ್ಸ್ ಬರೆದಿಟ್ಟುಕೊಂಡು, ಸ್ಕ್ಯಾನ್ ಮಾಡಿಸಿ, ಔಷಧಿ ಶುರುವಾಗುವ ತನಕ ಬೆನ್ನು ಬೀಳುತ್ತಾರೆ. ದೊಡ್ಡ ಕಟ್ಟಡ ಬೇಕಾಗಿಲ್ಲ. ನಮ್ಮ ಕಡೆ ಕಟ್ಟು ಹಾಕುವವರು ಒಬ್ಬರು, ಶುಗರ್ ಬಿಪಿ ನೋಡುವವರು ಇನ್ನೊಬ್ಬರು. ನಡುವಿನ ಮೂಳೆ ಯಾರ ಪಾಲಿಗೂ ಬರುವುದಿಲ್ಲ. ಕಟ್ಟು ಬಿಚ್ಚುವ ದಿನ ಒಂದು ಚೀಟಿ ಬರೆದುಕೊಟ್ಟಿದ್ದರೆ ಸಾಕಿತ್ತು, ಅಲ್ವಾ? ನಮ್ಮ ಬೀದಿಯಲ್ಲೇ ಮಣಿಕಟ್ಟು ಮುರಿದುಕೊಂಡ ಮೂವರು ಅಜ್ಜಿಯರಿದ್ದಾರೆ. ಒಬ್ಬರಿಗೂ ಸ್ಕ್ಯಾನ್ ಆಗಿಲ್ಲ, ನಿನ್ನೆ ಮನೆಮನೆಗೆ ಹೋಗಿ ಕೇಳಿ ಬಂದೆ.

ಇವತ್ತು ಭಾನುವಾರ, ಅಮ್ಮನ ಮೊದಲ ಮಾತ್ರೆ. ವಾರಕ್ಕೊಂದು. ಖಾಲಿ ಹೊಟ್ಟೆಯಲ್ಲಿ ದೊಡ್ಡ ಲೋಟದ ತುಂಬಾ ನೀರಿನ ಜೊತೆ ನುಂಗಿ ಅರ್ಧ ಗಂಟೆ ಮಲಗಬಾರದು, ಕಾಫಿಯೂ ಇಲ್ಲ. ಮಂಚದ ಅಂಚಿನಲ್ಲಿ ವಾಕರ್ ಹಿಡಿದು ನೆಟ್ಟಗೆ ಕೂತಿದ್ದರು. ಅಡುಗೆಮನೆಯಲ್ಲಿ ಡಿಕಾಕ್ಷನ್ ಇಳಿಯುವ ವಾಸನೆ.

"ಎಷ್ಟಾಯ್ತೇ?"

"ಇನ್ನೂ ಹನ್ನೊಂದು ನಿಮಿಷ ಅಮ್ಮ."

"ಹಾಲು ಇಡು ಹಾಗಾದ್ರೆ."